ದೊಡ್ಡಪ್ಪನ ಜರ್ಮನ್ ಪಿಸ್ತೂಲು: ಯಾವ ಮಾದರಿ, ಎಷ್ಟು ಬೋರು?

ಶಿರಸಿ ಕಡೆಯ ಮನೆಗಳಲ್ಲಿ ಕೋವಿ ಇರುವುದು ಹೊಸತಲ್ಲ. ಮಂಗ, ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಕೇಪಿನ ಕೋವಿಯೋ ಒಂಟಿ ನಳಿಗೆಯ ತೋಟಾ ಕೋವಿಯೋ ಇಟ್ಟುಕೊಂಡಿರುತ್ತಾರೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಜಮಾ ಮಾಡುವುದು, ಮುಗಿದ ಮೇಲೆ ವಾಪಸ್ ತರುವುದು, ಇದೆಲ್ಲ ನಮಗೆ ರೂಢಿ. ಆದರೆ ಪಿಸ್ತೂಲು ಅಪರೂಪ. ನಮ್ಮ ದೊಡ್ಡಪ್ಪನ ಹೆಸರಿನಲ್ಲಿ ಒಂದು ಇತ್ತು. ಊರಿನವರೆಲ್ಲ ಅದನ್ನು ‘ಜರ್ಮನ್ ಪಿಸ್ತೂಲು’ ಅಂತಲೇ ಹೇಳುತ್ತಿದ್ದರು. ಯಾವ ಜರ್ಮನ್ ಪಿಸ್ತೂಲು, ಅದರ ಬೋರ್, ಅಂದರೆ ನಳಿಗೆಯ ಒಳ ಅಳತೆ, ಎಷ್ಟು ಅಂತ ಯಾರೂ ಕೇಳಿದವರಿಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೆ ಕೇಳಲೇಬೇಕಾಯಿತು. ಲೈಸೆನ್ಸ್ ಇದ್ದವರು ಹೋದ ಮೇಲೆ ಆಯುಧ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಠಾಣೆಗಾಗಲಿ, ಲೈಸೆನ್ಸ್ ಇರುವ ಡೀಲರ್ ಹತ್ತಿರವಾಗಲಿ ಜಮಾ ಮಾಡಬೇಕು. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹುಬ್ಬಳ್ಳಿಯ ಒಬ್ಬ ಡೀಲರ್ ಹತ್ತಿರ ಜಮಾ ಮಾಡಿ ರಸೀದಿ ತೆಗೆದುಕೊಂಡ. ಆಮೇಲೆ ವಾರಸುದಾರನಾಗಿ ತನ್ನ ಹೆಸರಿಗೆ ಅರ್ಜಿ ಹಾಕಲು ಕೂತಾಗ ನನಗೆ ಫೋನ್ ಮಾಡಿದ.

‘ತಂಗಿ, ಇಲ್ಲಿ ಎಂತ ಬರೆಯವು? ಪಿಸ್ತೂಲು ಹೇಳಿಯೋ, ರಿವಾಲ್ವರ್ ಹೇಳಿಯೋ?’

ನನ್ನನ್ನೇ ಕೇಳಲು ಕಾರಣ ಇದೆ. ನಾನು ಕಾರವಾರದಲ್ಲಿ ಹುಡುಗರಿಗೆ ಲೇತ್, ಫಿಟ್ಟಿಂಗ್ ಕಲಿಸುವವಳು. ವರ್ನಿಯರ್ ಕ್ಯಾಲಿಪರ್ ಇಲ್ಲದೆ ನನ್ನ ದಿನ ಶುರುವಾಗುವುದಿಲ್ಲ. ಲೋಹದ ಮೇಲೆ ಯಾರೋ ಹೊಡೆದ ಸಣ್ಣ ಮುದ್ರೆ ಕಂಡರೆ ಓದದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಹಳೆಯ ಯಂತ್ರವಾಗಲಿ ಹಳೆಯ ಆಯುಧವಾಗಲಿ, ಮೊದಲು ಲೋಹ ಏನು ಹೇಳುತ್ತದೆ ನೋಡಬೇಕು. ಕಾಗದ ಆಮೇಲೆ. ಮನೆಯವರ ಕಥೆ ಕೊನೆಗೆ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಕಥೆಯನ್ನು ನಂಬಿ ಕಾಗದ ಬರೆಯುತ್ತಾರೆ. ಕಾಗದವನ್ನು ನಂಬಿ ಲೋಹದ ಕಡೆ ನೋಡುವುದೇ ಇಲ್ಲ.

ಅಣ್ಣನ ಹತ್ತಿರ ಎರಡು ಕಾಗದ ಇದ್ದವು. ಒಂದು ನಮ್ಮ ಅಜ್ಜನ ಕಾಲದ್ದು. ಉತ್ತರ ಕನ್ನಡ 1956ರವರೆಗೆ ಮುಂಬೈ ರಾಜ್ಯದಲ್ಲೇ ಇತ್ತಲ್ವಾ, ಅಲ್ಲಿಯ ಮೊಹರು ಅದರ ಮೇಲಿದೆ. ಅದರಲ್ಲಿ ‘ಮೌಸರ್ ಪಿಸ್ತೂಲ್, .32’ ಎಂದಿದೆ. ಮೌಸರ್ ಅಂದರೆ ಜರ್ಮನಿಯ ಒಂದು ಆಯುಧ ಕಂಪನಿ, .32 ಅಂದರೆ ಇಂಚಿನ ಲೆಕ್ಕದ ಬೋರ್. ಎರಡನೆಯದು ದೊಡ್ಡಪ್ಪನ ಹೆಸರಿಗೆ ಆದಾಗ ಬರೆದ ಪುಸ್ತಕ. ಅಲ್ಲಿ ‘ರಿವಾಲ್ವರ್, .32 ಬೋರ್’ ಆಗಿಬಿಟ್ಟಿದೆ. ನಕಲು ಮಾಡುವಾಗ ಯಾರದೋ ಕೈಯಲ್ಲಿ ಪಿಸ್ತೂಲು ರಿವಾಲ್ವರ್ ಆಯಿತು, ಮೌಸರ್ ಎಂಬ ಹೆಸರೇ ಬಿದ್ದುಹೋಯಿತು. ಆಮೇಲೆ ಪ್ರತಿ ನವೀಕರಣದಲ್ಲೂ ಅದೇ ಸಾಲು ಮುಂದುವರಿದಿದೆ.

ಒಂದು ಶಬ್ದ ಆಚೀಚೆ ಆದರೆ ಏನಾಯಿತು ಅಂತ ಕೇಳಬಹುದು. ತುಂಬಾ ಆಗುತ್ತದೆ. ರಿವಾಲ್ವರಿನಲ್ಲಿ ತೋಟಾ ಕೂರುವುದು ತಿರುಗುವ ಉರುಳೆಯಲ್ಲಿ, ನಮ್ಮದರಂಥ ಪಿಸ್ತೂಲಿನಲ್ಲಿ ಮ್ಯಾಗಜಿನ್ ಎಂಬ ತೋಟಾ ಪೆಟ್ಟಿಗೆಯಲ್ಲಿ. ಆಯುಧವೇ ಬೇರೆ. ನಮ್ಮ ಕಾನೂನಿನಲ್ಲಿ ಬೋರ್ ಮೇಲೆಯೇ ಎಲ್ಲ ನಿಂತಿದೆ. 9 ಎಂಎಂ ಪಿಸ್ತೂಲು ನಿಷೇಧಿತ ಬೋರ್. .32 ನಿಷೇಧಿತವಲ್ಲ. ಅರ್ಜಿಯಲ್ಲಿ ಬರೆದದ್ದಕ್ಕೂ ಮೇಜಿನ ಮೇಲೆ ಇಟ್ಟ ಆಯುಧಕ್ಕೂ ತಾಳೆಯಾಗದಿದ್ದರೆ ತೊಂದರೆ ವಾರಸುದಾರನಿಗೆ. ಸತ್ತವರನ್ನು ಯಾರೂ ಕೇಳುವುದಿಲ್ಲ.

ಇನ್ನು ಮನೆಯ ಕಥೆ. ಅಜ್ಜ ಅಡಿಕೆ ವ್ಯಾಪಾರಿ. ದೇವಿಮನೆ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ದುಡ್ಡು ಕಟ್ಟಿಕೊಂಡು ವಾಪಸ್ ಶಿರಸಿಗೆ. ಅದಕ್ಕೇ ಪಿಸ್ತೂಲು ಬೇಕಾಯಿತು. ಇಷ್ಟು ನಂಬಬಹುದು. ಅದು ಬಂದದ್ದೆಲ್ಲಿಂದ ಅಂದರೆ, ‘ಗೋವಾದಲ್ಲಿ ಸುಟ್ಟುಹೋದ ಜರ್ಮನ್ ಹಡಗಿನಿಂದ’ ಎನ್ನುತ್ತಾರೆ. ಹಡಗಿನ ಸಂಗತಿಯೇನೋ ನಿಜ. 1939ರಲ್ಲಿ ಯುದ್ಧ ಶುರುವಾದಾಗ ಎರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಜರ್ಮನ್ ಸರಕು ಹಡಗುಗಳು ಮರ್ಮಗೋವಾ ಬಂದರಿನಲ್ಲಿ ನಿಂತವು. ಪೋರ್ಚುಗಲ್ ಯುದ್ಧದಲ್ಲಿ ಯಾರ ಕಡೆಯೂ ಇರಲಿಲ್ಲ, ಗೋವಾ ಅವರ ಕೈಯಲ್ಲಿತ್ತು. 1943ರ ಮಾರ್ಚ್‌ನಲ್ಲಿ ಬ್ರಿಟಿಷರು ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ಪಡೆಯವರನ್ನು ಕಳಿಸಿ ರಾತ್ರಿ ಎರೆನ್‌ಫೆಲ್ಸ್ ಮೇಲೆ ದಾಳಿ ಮಾಡಿಸಿದರು. ಶತ್ರುವಿನ ಕೈಗೆ ಸಿಗಬಾರದೆಂದು ಜರ್ಮನ್ ನಾವಿಕರು ತಮ್ಮ ಹಡಗುಗಳಿಗೆ ತಾವೇ ಬೆಂಕಿಯಿಟ್ಟು ಮುಳುಗಿಸಿದರು. ಕಾರವಾರದಿಂದ ಮರ್ಮಗೋವಾ ದೂರವೇನಲ್ಲ. ಜರ್ಮನ್ ಪಿಸ್ತೂಲು ಇರುವ ಮನೆಗೆ ಈ ಕಥೆ ತಾನಾಗಿ ಬಂದು ಅಂಟಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಕೇಳಬೇಕಾದದ್ದು ಪಿಸ್ತೂಲನ್ನು.

ಅಣ್ಣ ಮೊದಲು ಫೋಟೋ ಕಳಿಸಿದ್ದ. ಜಮಾ ಮಾಡುವಾಗ ತೆಗೆದದ್ದು. ಅದರಲ್ಲಿ ಗೊತ್ತಾದದ್ದು ಇಷ್ಟೇ: ಇದು ನಮ್ಮ ಜನ ಮೌಸರ್ ಎಂದು ಹೇಳುವ ಆ ದೊಡ್ಡ ಪಿಸ್ತೂಲಲ್ಲ. ಭಾರತದಲ್ಲಿ ಮೌಸರ್ ಅಂದಕೂಡಲೆ ಕಣ್ಣಿಗೆ ಬರುವುದು ಸಿ96. ದುಂಡನೆಯ ಮರದ ಹಿಡಿ, ಟ್ರಿಗರ್ ಮುಂದೆ ಪೆಟ್ಟಿಗೆಯಂಥ ಮ್ಯಾಗಜಿನ್, ಉದ್ದನೆಯ ತೆಳು ನಳಿಗೆ. 1914ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ರೋಡ್ಡಾ ಕಂಪನಿಯ ಸರಕಿನಿಂದ ಬಂಗಾಳದ ಕ್ರಾಂತಿಕಾರಿಗಳು ಹಾರಿಸಿಕೊಂಡು ಹೋದ 50 ಮೌಸರ್‌ಗಳು ಅವೇ. 1925ರಲ್ಲಿ ಕಾಕೋರಿಯಲ್ಲಿ ರೈಲು ನಿಲ್ಲಿಸಿದವರ ಕೈಯಲ್ಲಿದ್ದದ್ದೂ ಅದೇ. ಸಿ96ನ ಮಾಮೂಲಿ ತೋಟಾ 7.63 ಎಂಎಂ. ಕುತ್ತಿಗೆ ಕಿರಿದಾಗಿರುವ ಉದ್ದನೆಯ ತೋಟಾ ಅದು. ಫೋಟೋದಲ್ಲಿ ಇದ್ದದ್ದು ಚಪ್ಪಟೆಯಾದ, ಕೋಟಿನ ಜೇಬಿಗೆ ಹೋಗುವಂಥ ಪಿಸ್ತೂಲು. ಮೌಸರ್ ಹೌದು, ಆದರೆ ಜೇಬಿನ ಮೌಸರ್.

ಇಲ್ಲಿಯೇ ಅಸಲು ಕೆಲಸ ಶುರು. ಜೇಬಿನ ಮೌಸರ್‌ಗಳಲ್ಲಿ ಮುಖ್ಯವಾಗಿ ಮೂರು ಮಾದರಿ. 1910ರದ್ದು 6.35 ಎಂಎಂ. 1914ರದ್ದು 7.65 ಎಂಎಂ. 1934ರದ್ದು ಎರಡೂ ಬೋರ್‌ನಲ್ಲಿ ಬಂತು. 1910 ಮತ್ತು 1914 ನೋಡಲು ಒಂದೇ ಅಚ್ಚು. ದೊಡ್ಡದು ಚಿಕ್ಕದು ಅಷ್ಟೇ ವ್ಯತ್ಯಾಸ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದ ಫೋಟೋ ನೋಡಿ ಇವೆರಡನ್ನು ಬೇರೆ ಮಾಡುತ್ತೇನೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಹಾಗಾಗಿ ವರ್ನಿಯರ್, ಭೂತಗನ್ನಡಿ, ಒಂದು ಟಾರ್ಚ್ ಚೀಲಕ್ಕೆ ಹಾಕಿಕೊಂಡು ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದೆ. ಅಣ್ಣ ಶಿರಸಿಯಿಂದ ಬಂದಿದ್ದ.

ಡೀಲರ್ ವಯಸ್ಸಾದವರು, ಮಾತು ಕಡಿಮೆ. ಪಿಸ್ತೂಲು ಹೊರಗೆ ತೆಗೆದವರೇ ಮ್ಯಾಗಜಿನ್ ಬಿಚ್ಚಿದರು. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಹಿಂದಕ್ಕೆ ಎಳೆದು ಒಳಗೆ ತೋಟಾ ಇಲ್ಲವೆಂದು ತಾವು ನೋಡಿದರು, ನನಗೂ ಅಣ್ಣನಿಗೂ ತೋರಿಸಿದರು. ಬಿಚ್ಚುವುದು ಜೋಡಿಸುವುದು ಎಲ್ಲ ಅವರದೇ ಕೈ. ನನ್ನದು ನೋಡುವುದು, ಅಳೆಯುವುದು. ಲೈಸೆನ್ಸ್ ಇಲ್ಲದ ನನ್ನಂಥವಳಿಗೆ ಅದೇ ಸರಿಯಾದ ಜಾಗ.

‘ಮೇಡಂ, ಇದಕ್ಕೆ ಯಾರೋ ಪಾಲಿಶ್ ಹೊಡಿಸ್ಯಾರ’ ಅಂದರು.

ಹೌದು. ಕಪ್ಪು ಬಣ್ಣ ಹೊಸತಾಗಿ ಹಾಕಿಸಿದ್ದು. ಹಾಕಿಸುವ ಮೊದಲು ಚೆನ್ನಾಗಿ ಉಜ್ಜಿದ್ದಾರೆ. ಸ್ಲೈಡಿನ ಬಲಬದಿಯಲ್ಲಿ ಬೋರ್ ಬರೆದಿರುವ ಜಾಗ ನುಣ್ಣಗಾಗಿದೆ. ಟಾರ್ಚನ್ನು ಅಡ್ಡಡ್ಡ ಹಿಡಿದರೆ ಮೌಸರ್ ಎಂಬ ಅಕ್ಷರಗಳ ನೆರಳು ಕಾಣುತ್ತದೆ, ಅದರ ಮುಂದಿನ ಅಂಕಿ ಹೋಗಿಯೇಬಿಟ್ಟಿದೆ. ಹಳೆಯ ಆಯುಧ ಹೊಳೆಯಬೇಕು ಎಂಬ ಆಸೆಯಿಂದ ಜನ ಹೀಗೆ ಅದರ ಜಾತಕವನ್ನೇ ಉಜ್ಜಿ ತೆಗೆಯುತ್ತಾರಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಣ್ಣನಿಗೆ ಅಲ್ಲೇ ಹೇಳಿದೆ, ಇನ್ನು ಮುಂದೆ ಎಣ್ಣೆ ಒರೆಸುವುದು ಬಿಟ್ಟು ಬೇರೆ ಏನೂ ಮಾಡಿಸಬೇಡ ಅಂತ.

ಎಡಬದಿ ಅಷ್ಟು ಹಾಳಾಗಿರಲಿಲ್ಲ. ‘ವಾಫನ್‌ಫಾಬ್ರಿಕ್ ಮೌಸರ್ ಎ.ಜಿ. ಒಬರ್ನ್‌ಡಾರ್ಫ್’ ಎಂದು ಓದಲು ಬಂತು. ಒಬರ್ನ್‌ಡಾರ್ಫ್ ಅಂದರೆ ನೆಕರ್ ನದಿಯ ದಂಡೆಯ ಊರು, ಮೌಸರ್ ಕಾರ್ಖಾನೆ ಇದ್ದದ್ದು ಅಲ್ಲಿ. ಈ ಸಾಲಿನಲ್ಲಿ ನನಗೆ ಬೇಕಾದದ್ದು ಮೊದಲ ಶಬ್ದ. ಕಂಪನಿ 1922ರಲ್ಲಿ ಹೆಸರು ಬದಲಿಸಿ ಮೌಸರ್ ವೆರ್ಕೆ ಆಯಿತು. ಆಮೇಲಿನ ಪಿಸ್ತೂಲುಗಳ ಮೇಲೆ ಆ ಹೊಸ ಹೆಸರು ಬಂತು. ನಮ್ಮದರ ಮೇಲೆ ಹಳೆಯ ಹೆಸರಿದೆ. ಅಂದರೆ 1934ರ ಮಾದರಿ ಎಂಬ ಮಾತು ಇಲ್ಲಿಗೇ ಮುಗಿಯಿತು. ಹಿಡಿಯೂ ಅದನ್ನೇ ಹೇಳುತ್ತದೆ. 1934ರದ್ದಕ್ಕೆ ಹಿಡಿಯ ಬೆನ್ನು ಅಂಗೈಗೆ ಸರಿಯಾಗಿ ಬಾಗಿಕೊಂಡಿರುತ್ತದೆ. ಹಳೆಯವಕ್ಕೆ ಹೆಚ್ಚುಕಡಿಮೆ ನೆಟ್ಟಗೆ. ಇದು ನೆಟ್ಟಗಿನದು. ಎರಡು ಬದಿಗೂ ಹಿಂದಕ್ಕೂ ಸುತ್ತಿಕೊಂಡ ಒಂದೇ ತುಂಡಿನ ಮರದ ಹಿಡಿ, ಕೆಳಗೆ ಒಂದು ಕಡೆ ಸೀಳು ಬಿಟ್ಟಿದೆ.

ಉಳಿದದ್ದು 1910 ಮತ್ತು 1914. ಎರಡರ ಕುಟುಂಬ ಲಕ್ಷಣವೂ ಒಂದೇ. ಕೊನೆಯ ಈಡು ಹಾರಿದ ಮೇಲೆ ಸ್ಲೈಡ್ ಹಿಂದೆಯೇ ನಿಲ್ಲುತ್ತದೆ. ಮ್ಯಾಗಜಿನ್ ಒಳಗೆ ತಳ್ಳಿದ ಕೂಡಲೇ ತಾನಾಗಿ ಮುಂದೆ ಬರುತ್ತದೆ. ಡೀಲರ್ ಖಾಲಿ ಮ್ಯಾಗಜಿನ್ ಹಾಕಿ ತೋರಿಸಿದರು. ಟಪ್ ಎಂದು ಮುಚ್ಚಿಕೊಂಡಿತು. ನಳಿಗೆ ಬಿಚ್ಚುವ ಬಗೆಯೂ ವಿಶೇಷ. ಮೂತಿಯ ಕೆಳಗೆ ಒಂದು ಸಣ್ಣ ಕೊಂಡಿ, ಅದನ್ನು ಒತ್ತಿ ನಳಿಗೆಯ ಅಡಿಯ ಉದ್ದನೆಯ ಕಡ್ಡಿಯನ್ನು ಮುಂದಕ್ಕೆ ಎಳೆದರೆ ನಳಿಗೆ ಸಡಿಲಾಗಿ ಕೈಗೆ ಬರುತ್ತದೆ. ಎಷ್ಟು ಅಚ್ಚುಕಟ್ಟಾದ ಫಿಟ್ಟಿಂಗ್ ಅಂತೀರಿ! ನೂರು ವರ್ಷ ಆದರೂ ಕಡ್ಡಿ ಒಂಚೂರೂ ಅಲುಗಾಡುವುದಿಲ್ಲ. ನನ್ನ ಹುಡುಗರಿಗೆ ತೋರಿಸುವ ಹಾಗಿದ್ದರೆ ಒಂದು ಇಡೀ ತರಗತಿಯನ್ನು ಆ ಕಡ್ಡಿಯ ಮೇಲೆಯೇ ಮಾಡುತ್ತಿದ್ದೆ.

ನಳಿಗೆ ಹೊರಗೆ ಬಂದ ಮೇಲೆ ವರ್ನಿಯರ್ ಕೆಲಸ ಸುಲಭ. ಉದ್ದ 87 ಮಿಲಿಮೀಟರ್. 1910ರ 6.35ಕ್ಕೆ ಇದು ಸುಮಾರು 80 ಇರುತ್ತದೆ. ಮೂತಿಯ ಒಳ ಅಳತೆ 7.6ರ ಮೇಲೆ ಒಂಚೂರು. ಇಲ್ಲಿ ಒಂದು ವಿಷಯ ಗಮನಿಸಬೇಕು. ನಳಿಗೆಯ ಒಳಗೆ ತಿರುಗಿಕೊಂಡು ಹೋಗುವ ಗೀರುಗಳಿರುತ್ತವೆ, ಅವುಗಳ ನಡುವೆ ದಿಬ್ಬಗಳಿರುತ್ತವೆ. ವರ್ನಿಯರ್ ದವಡೆ ಕೂರುವುದು ದಿಬ್ಬದ ಮೇಲೆ. ಜರ್ಮನ್ನರ 7.65 ಎಂಬ ಹೆಸರು ಈ ದಿಬ್ಬದಿಂದ ದಿಬ್ಬದ ಅಳತೆ. ಗುಂಡು ಮಾತ್ರ ಗೀರಿನ ತಳ ಮುಟ್ಟಬೇಕಲ್ಲ, ಅದು ಸುಮಾರು 7.9 ಮಿಲಿಮೀಟರ್ ದಪ್ಪ. ಇಂಗ್ಲಿಷಿನವರ .32 ಇಂಚು ಲೆಕ್ಕ ಹಾಕಿದರೆ 8.1 ಆಗುತ್ತದೆ, ಅದು ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಗುಂಡನ್ನು ಅಳೆದು, ನಳಿಗೆಯನ್ನು ಅಳೆದು, ಕಾಗದ ನೋಡಿ, ಮೂರೂ ಬೇರೆ ಅಂತ ಗಾಬರಿಯಾಗಬೇಕಾಗಿಲ್ಲ. ಮೂರೂ ಒಂದೇ.

ಮ್ಯಾಗಜಿನ್ ನೋಡಿ ಬೋರ್ ಹೇಳಬಹುದಲ್ಲ ಎಂದು ಅಣ್ಣ ಕೇಳಿದ. ಹೇಳಬಹುದು, 1914ರದ್ದಕ್ಕೆ 8 ತೋಟಾ, 1910ರದ್ದಕ್ಕೆ 9. ಆದರೆ ಮ್ಯಾಗಜಿನ್ ಬದಲಾಗುವ ಸಾಮಾನು. ಅದನ್ನು ಸಾಕ್ಷಿಯಾಗಿ ಹಿಡಿಯಲು ನನಗೆ ಇಷ್ಟವಿಲ್ಲ. ನಳಿಗೆಯೇ ಗಟ್ಟಿ ಸಾಕ್ಷಿ. ಅಂತೂ ಮಾದರಿ 1914, ಬೋರ್ 7.65 ಎಂಎಂ ಬ್ರೌನಿಂಗ್. ಅಮೆರಿಕನ್ನರು .32 ಎಸಿಪಿ ಅನ್ನುವುದು ಇದನ್ನೇ. ಜಾನ್ ಬ್ರೌನಿಂಗ್ 1899ರಲ್ಲಿ ಮಾಡಿದ ತೋಟಾ. ಸ್ಲೈಡಿನ ಮೇಲೂ ಚೌಕಟ್ಟಿನ ಮೇಲೂ ನಂಬರ್ ಒಂದೇ ಇದೆ, ಅಜ್ಜನ ಕಾಗದದಲ್ಲೂ ಅದೇ ನಂಬರ್. ಅಂದರೆ ಅಜ್ಜ ಕೊಂಡ ಪಿಸ್ತೂಲೇ ಇದು, ನಡುವೆ ಬದಲಾಗಿಲ್ಲ.

ಇನ್ನು ಹಡಗು. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಪಾಲಿಶ್ ಮುಟ್ಟದ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳು ಸಿಕ್ಕವು. ನನಗೆ ಇಡೀ ದಿನದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಅವು. ಹೊಸ ಆಯುಧವನ್ನು ಮಾರುವ ಮೊದಲು ಸರ್ಕಾರಿ ಪರೀಕ್ಷಾ ಮನೆಯಲ್ಲಿ ಜಾಸ್ತಿ ಮದ್ದಿನ ತೋಟಾ ಹಾರಿಸಿ, ತಡೆದುಕೊಂಡರೆ ಮುದ್ರೆ ಹೊಡೆಯುತ್ತಾರೆ. ಜರ್ಮನಿಯಲ್ಲಿ 1891ರ ಕಾನೂನಿನ ಪ್ರಕಾರ ಆ ಮುದ್ರೆಗಳಲ್ಲಿ ಕಿರೀಟ ಇರುತ್ತಿತ್ತು. ಕಿರೀಟದ ಕೆಳಗೆ ಯು ಅಕ್ಷರ ಇದ್ದರೆ ತಪಾಸಣೆ ಆಗಿದೆ, ಎನ್ ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಎಂದು ಅರ್ಥ. 1940ರಿಂದ ಕಿರೀಟ ಹೋಗಿ ಹದ್ದು ಬಂತು. ನಮ್ಮದರ ಮೇಲೆ ಕಿರೀಟ ಮತ್ತು ಎನ್ ಇದೆ. ಸರಿ, ಇದು ನಿರೀಕ್ಷೆ ಮಾಡಿದ್ದೇ.

ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಗೆಯ ಕಿರೀಟಗಳಿದ್ದವು. ಕೆಳಗೆ ಒಂದಲ್ಲ, ಎರಡೆರಡು ಅಕ್ಷರ: ಬಿವಿ, ಬಿಪಿ, ಎನ್‌ಪಿ. ಇವು ಜರ್ಮನಿಯವಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪರೀಕ್ಷಾ ಮನೆಯವು. ಕಿರೀಟ ಕಂಡಕೂಡಲೆ ಜರ್ಮನ್ ಎಂದುಕೊಂಡು ಬಿಟ್ಟುಬಿಟ್ಟರೆ ಅರ್ಧ ಕಥೆ ಕಳೆದುಹೋಗುತ್ತದೆ. ಭೂತಗನ್ನಡಿ ಇನ್ನೂ ಹತ್ತಿರ ತಂದೆ. ಅವುಗಳ ಜೊತೆಗೆ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಶಬ್ದ: ‘ನಾಟ್ ಇಂಗ್ಲಿಷ್ ಮೇಕ್’. ಅಂದರೆ ಇಂಗ್ಲೆಂಡಿನಲ್ಲಿ ತಯಾರಾದದ್ದಲ್ಲ. ಹೊರದೇಶದ ಆಯುಧ ಬ್ರಿಟನ್ನಿನ ಪರೀಕ್ಷಾ ಮನೆಗೆ ಬಂದರೆ 1925ರಿಂದ 1955ರವರೆಗೆ ಹೀಗೆ ಹೊಡೆಯುತ್ತಿದ್ದರು.

ಈಗ ಜೋಡಿಸಿ ನೋಡಿ. 1914ರಿಂದ 1922ರ ಒಳಗೆ ಒಬರ್ನ್‌ಡಾರ್ಫಿನಲ್ಲಿ ತಯಾರಾಯಿತು. 1925ರ ನಂತರ ಬರ್ಮಿಂಗ್‌ಹ್ಯಾಂನಲ್ಲಿ ಮತ್ತೊಮ್ಮೆ ಪರೀಕ್ಷೆಯಾಯಿತು. ಅಲ್ಲಿಂದ ಭಾರತಕ್ಕೆ, ಶಿರಸಿಗೆ. ಇದು ವ್ಯಾಪಾರದ ದಾರಿ. ಬಿಲ್ಲು, ರಸೀದಿ ಇರುವ ದಾರಿ. ಯುದ್ಧಕ್ಕೆ ಹೆದರಿ ಮರ್ಮಗೋವಾದಲ್ಲಿ ನಿಂತ ಜರ್ಮನ್ ಹಡಗಿನ ನಾವಿಕನ ಪೆಟ್ಟಿಗೆಯಲ್ಲಿ ಬರ್ಮಿಂಗ್‌ಹ್ಯಾಂ ಮುದ್ರೆಯ ಪಿಸ್ತೂಲಿಗೆ ಏನು ಕೆಲಸ? ನನ್ನ ಮಟ್ಟಿಗೆ ಹಡಗಿನ ಕಥೆ ಇಲ್ಲಿಗೆ ಮುಗಿಯಿತು. ಅಣ್ಣನಿಗೆ ಒಂಚೂರು ಬೇಜಾರಾಯಿತು. ನನಗೆ ಆಗಲಿಲ್ಲ. ಅಜ್ಜ ದುಡ್ಡು ಕೊಟ್ಟು, ಲೈಸೆನ್ಸ್ ಮಾಡಿಸಿ, ನೆಟ್ಟಗಿನ ದಾರಿಯಲ್ಲಿ ಕೊಂಡ ಸಾಮಾನು ಅದು. ಕದ್ದ ಮಾಲಿನ ಕಥೆಗಿಂತ ನನಗೆ ಇದೇ ಹೆಚ್ಚು ಹೆಮ್ಮೆ.

ಡೀಲರ್ ಆಮೇಲೆ ಒಂದು ಹಳೆಯ ತಗಡಿನ ಡಬ್ಬಿ ತೆಗೆದರು. ಪಿಸ್ತೂಲಿನ ಜೊತೆ ಅಣ್ಣ ಜಮಾ ಮಾಡಿದ್ದ ತೋಟಾಗಳು. ಮುಚ್ಚಳ ತೆಗೆದ ಕೂಡಲೇ ಅವರೂ ನಾನೂ ಮುಖ ಮುಖ ನೋಡಿಕೊಂಡೆವು.

ಲೈಸೆನ್ಸ್ ಪುಸ್ತಕದ ಆ ಒಂದು ತಪ್ಪು ಶಬ್ದ ಏನು ಮಾಡಿತ್ತು ಅಂತ ಅಲ್ಲಿ ಕಂಡಿತು. ನಮ್ಮ ದೇಶದಲ್ಲಿ .32 ಎಂಬ ಹೆಸರಿಗೆ ಎರಡು ತೋಟಾ ಇವೆ. ಒಂದು ಪಿಸ್ತೂಲಿನದು, 7.65 ಬ್ರೌನಿಂಗ್. ಇದರ ಕೋಶ 17 ಮಿಲಿಮೀಟರ್, ಗುಂಡು ಸೇರಿ ಸುಮಾರು 25. ಬುಡದ ಅಂಚು ಹೊರಗೆ ಬಂದದ್ದು ಕಂಡೂ ಕಾಣದಷ್ಟು. ಇನ್ನೊಂದು ರಿವಾಲ್ವರಿನದು, .32 ಎಸ್ ಆಂಡ್ ಡಬ್ಲ್ಯು ಲಾಂಗ್. ನಮ್ಮ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್‌ಗೆ ಹಾಕುವುದು ಇದನ್ನೇ. ಇದಕ್ಕೂ ಮೆಟ್ರಿಕ್‌ನಲ್ಲಿ 7.65 ಅಂತಲೇ ಹೇಳುತ್ತಾರೆ, 7.65 ಗುಣಿಸು 23. ಕೋಶವೇ 23 ಮಿಲಿಮೀಟರ್, ಬುಡದಲ್ಲಿ ಅಗಲವಾದ ಅಂಚು. ಇವೆರಡು ಸಾಲದು ಅಂತ ಜರ್ಮನ್ನರದೇ ಇನ್ನೊಂದು 7.65 ಇದೆ. ಲೂಗರ್ ಪಿಸ್ತೂಲಿನ 7.65 ಪ್ಯಾರಾಬೆಲಮ್. 21 ಮಿಲಿಮೀಟರ್ ಕೋಶ, ಕುತ್ತಿಗೆ ಕಿರಿದು. ಅಂಕಿ ಒಂದೇ, ತೋಟಾ ಮೂರು. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಆದ್ದರಿಂದಲೇ ಬರೀ ‘.32’ ಅಂತಲೋ ಬರೀ ‘7.65’ ಅಂತಲೋ ಬರೆದು ಬಿಡಬಾರದು ಅನ್ನುವುದು ನನ್ನ ಒತ್ತಾಯ.

ಡಬ್ಬಿಯಲ್ಲಿದ್ದದ್ದು ರಿವಾಲ್ವರಿನ ತೋಟಾಗಳು. ಸೀಸದ ಗುಂಡು, ಅಗಲ ಅಂಚು. ವರ್ನಿಯರ್ ಹಿಡಿದರೆ ಉದ್ದ 32 ಮಿಲಿಮೀಟರ್ ದಾಟುತ್ತದೆ. ಈ ಪಿಸ್ತೂಲಿನ ಮ್ಯಾಗಜಿನ್ನಿಗೆ ಅವು ಇಳಿಯುವುದೇ ಇಲ್ಲ. ದೊಡ್ಡಪ್ಪ ಪುಸ್ತಕ ತೋರಿಸಿ ಕೇಳಿರಬೇಕು, ಅಂಗಡಿಯವರು ಪುಸ್ತಕದಲ್ಲಿ ಬರೆದ ಹಾಗೆ ಕೊಟ್ಟಿರಬೇಕು. ಒಂದಾದರೂ ತೋಟಾ ಹಾಕಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಸಂಜೆ ಫೋನಿನಲ್ಲಿ ದೊಡ್ಡಾಯಿಯನ್ನು ಕೇಳಿದೆ. ‘ಅವರು ಅದನ್ನು ಹೊರಗೆ ತೆಗೆಯುತ್ತಿದ್ದದ್ದೇ ಠಾಣೆಗೆ ಕೊಡಲು. ಈಡು ಹೊಡೆದದ್ದು ನಾನಂತೂ ಕಂಡಿಲ್ಲ’ ಎಂದರು.

ಅರ್ಜಿಗೆ ಅಣ್ಣ ಒಂದು ವಿವರಣೆ ಪತ್ರ ಸೇರಿಸಿದ್ದಾನೆ. ಅಜ್ಜನ ಕಾಗದದ ನಕಲು, ನಂಬರಿನ ಫೋಟೋ, ಎರಡೂ ಕಡೆಯ ಮುದ್ರೆಗಳ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ನಳಿಗೆಯ ಫೋಟೋ. ಹಿಂದಿನ ಪುಸ್ತಕದಲ್ಲಿ ರಿವಾಲ್ವರ್ ಎಂದಿರುವುದು ನಕಲಿನ ತಪ್ಪು, ತಿದ್ದಿಕೊಡಬೇಕು ಎಂದು ಡೀಲರ್ ಕೂಡ ತಮ್ಮ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟರು. ಆ ರಿವಾಲ್ವರ್ ತೋಟಾಗಳನ್ನು ಪಿಸ್ತೂಲಿನ ರಸೀದಿಯಿಂದ ತೆಗೆದು ಬೇರೆ ರಸೀದಿ ಮಾಡಿಸಿದ್ದೇವೆ. ಅವನ್ನು ಅಣ್ಣ ವಾಪಸ್ ಕೇಳುವುದಿಲ್ಲ.